‘ಈಸ್, ಬಿ, ವಾಸ್’ ಒಂದೇ ಮನೆಯ ಮಕ್ಕಳಲ್ಲ

ಮಾಲೂರಿನಿಂದ ಮುಳಬಾಗಿಲವರೆಗೆ ಯಾವ ಸರ್ಕಾರಿ ಶಾಲೆಯ ಪಕ್ಕ ನಿಂತರೂ ಮಗ್ಗಿಯ ಹಾಗೆ ಒಂದು ರಾಗ ಕೇಳುತ್ತದೆ: ‘ಐ ಆ್ಯಮ್, ಯು ಆರ್, ಹಿ ಈಸ್.’ ಇಷ್ಟು ಉರು ಹೊಡೆದ ಮಗು ಪರೀಕ್ಷೆಯಲ್ಲಿ ‘ಹಿ ಟೀಚರ್’ ಎಂದು ಬರೆಯುತ್ತದೆ, ನಡುವೆ ‘ಈಸ್’ ಇರುವುದಿಲ್ಲ. ಮೇಷ್ಟ್ರು ಕೆಂಪು ಗೀಟು ಎಳೆಯುತ್ತಾರೆ. ಮಗು ದಡ್ಡ ಅಂತ ಮನೆಯವರೂ ತೀರ್ಮಾನಿಸಿಬಿಡುತ್ತಾರೆ.

ದಡ್ಡತನ ಅಲ್ಲ ಅದು. ಕನ್ನಡದಲ್ಲಿ ‘ಅವನು ರೈತ’ ಅಂದರೆ ಮಾತು ಮುಗಿಯಿತು. ನಡುವೆ ಕ್ರಿಯಾಪದವೇ ಬೇಡ. ‘ನನಗೆ ಹತ್ತು ವರ್ಷ’ ಎನ್ನುವುದೂ ಹಾಗೆಯೇ. ಫ್ರೆಂಚ್ ಮಾತಾಡುವ ಮಕ್ಕಳ ಕಷ್ಟ ಬೇರೆ. ಅವರು ವಯಸ್ಸನ್ನು ‘ನನ್ನ ಬಳಿ ಹತ್ತು ವರ್ಷ ಇವೆ’ ಎಂಬರ್ಥದಲ್ಲಿ ಹೇಳುವವರು, ಹಾಗಾಗಿ ಇಂಗ್ಲಿಷಿನಲ್ಲಿ ‘ಆ್ಯಮ್’ ಬರಬೇಕಾದ ಕಡೆ ‘ಹ್ಯಾವ್’ ಹಾಕುತ್ತಾರೆ. ಆದರೂ ಅಲ್ಲೊಂದು ಕ್ರಿಯಾಪದ ಬೇಕು ಎಂಬುದು ಅವರಿಗೆ ಹುಟ್ಟಿನಿಂದ ಗೊತ್ತು. ನಮ್ಮ ಮಕ್ಕಳು ಅದನ್ನೂ ಹೊಸದಾಗಿ ಕಲಿಯಬೇಕು.

ಇನ್ನು ರೂಪಗಳು ಒಂದಕ್ಕೊಂದು ಹೋಲುವುದಿಲ್ಲ ಏಕೆ? ಬೇರೆ ಬೇರೆ ಮೂರು ಹಳೆಯ ಧಾತುಗಳು ಒಂದೇ ಸೂರಿನಡಿ ಸೇರಿಕೊಂಡಿವೆ, ಅದಕ್ಕೆ. ಮಜಾ ಏನೆಂದರೆ ಮೂರೂ ನಮಗೆ ಸಂಸ್ಕೃತದ ಮೂಲಕ ಪರಿಚಯದವೇ. ‘ಈಸ್’ ಇರುವುದು ‘ಅಸ್ತಿ’ಯ ಬಳಗದಲ್ಲಿ, ನಾವು ‘ನಾಸ್ತಿಕ’ ಅನ್ನುವಾಗ ಒಳಗಿರುವುದು ಅದೇ. ‘ಬಿ’ ಇರುವುದು ‘ಭವತಿ’ಯ ಬಳಗದಲ್ಲಿ, ಅನುಭವ, ಭವಿಷ್ಯ ಅಲ್ಲಿಂದಲೇ ಬಂದವು. ‘ವಾಸ್’ ಅಂತೂ ನಮ್ಮ ‘ವಾಸ’, ‘ವಸತಿ’ಗಳ ನಂಟ! ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬುಡದವು ಎಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ಕನ್ನಡ, ತೆಲುಗು, ತಮಿಳು ಆ ಬುಡದವಲ್ಲ, ಬೇರೆಯೇ ಒಂದು ಕುಟುಂಬ ಎಂದು ಮದರಾಸಿನ ಅಧಿಕಾರಿ ಎಲ್ಲಿಸ್ ತೋರಿಸಿದ್ದು 1816ರಲ್ಲಿ. ಪದ ನಮ್ಮಲ್ಲಿಗೆ ಸಾಲ ಬಂದರೂ ವಾಕ್ಯದ ಕಟ್ಟು ಬರಲಿಲ್ಲ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದಿದ್ದು 2007ರಲ್ಲಿ. ನಾವೆಲ್ಲ ಐದನೇ ತರಗತಿಯಲ್ಲಿ ಎಬಿಸಿಡಿ ಕಂಡವರು. ಅದಕ್ಕೂ ಬಹಳ ಹಿಂದೆ, ಮಾಲೂರು ತಾಲ್ಲೂಕಿನ ಮಾಸ್ತಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ಕೂಡ ಪಾಸಾಗದೆ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ನಡೆಸಿದರು. ಪತ್ರಿಕೆಯವರಾದ ನಮಗೆ ಇದನ್ನು ಹೇಳಿಕೊಳ್ಳುವಾಗ ಸ್ವಲ್ಪ ಜಂಬ ಬರುತ್ತದೆ, ಬರಲಿ ಬಿಡಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಗಂಟಿದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಮೂರನೆಯದು. ಇದನ್ನು ಹೊರೆ ಎನ್ನುವವರೇ ಹೆಚ್ಚು. ನಮಗೆ ಹಾಗೆ ಕಾಣುವುದಿಲ್ಲ. ತೆಲುಗಿನಲ್ಲಿ ‘ನೇನು ರೈತುನಿ’, ‘ನುವ್ವು ರೈತುವಿ’ ಎನ್ನುತ್ತಾರೆ. ಕ್ರಿಯಾಪದ ಅಲ್ಲಿಯೂ ಇಲ್ಲ, ಆದರೆ ‘ನಾನು’ ಎಂದಾಗ ಕೊನೆಗೆ ‘ನಿ’, ‘ನೀನು’ ಎಂದಾಗ ‘ವಿ’ ಬರುತ್ತದೆ. ಆಳು ಬದಲಾದರೆ ಬಾಲ ಬದಲಾಗುತ್ತದೆ ಎಂಬುದು ಆ ಮಗುವಿಗೆ ಆಗಲೇ ಗೊತ್ತು. ‘ಐ’ಗೆ ‘ಆ್ಯಮ್’, ‘ಯು’ಗೆ ‘ಆರ್’ ಎಂಬುದನ್ನು ಕಪ್ಪು ಹಲಗೆಯ ಮೇಲೆ ಆ ‘ನಿ’, ‘ವಿ’ಗಳ ಪಕ್ಕದಲ್ಲೇ ಬರೆದು ತೋರಿಸಬಹುದು.