ಹೆಂಡತಿಯ ಗಳಿಕೆ, ಗಂಡನ ವಾರಸುದಾರರು: ಹಿಂದೂ ಉತ್ತರಾಧಿಕಾರದ 15ನೆಯ ಕಲಮು

ಆಸ್ತಿಯ ಒಡೆತನ ಎಷ್ಟು ಪೂರ್ಣವಾದದ್ದು ಎಂಬುದು ಒಡೆಯರು ಉಯಿಲು ಬರೆಯದೆ ತೀರಿಕೊಂಡಾಗ ತಿಳಿಯುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ 14ನೆಯ ಕಲಮಿನಲ್ಲಿ ಹೆಣ್ಣಿಗೆ ಪೂರ್ಣ ಒಡೆತನ ಕೊಟ್ಟಿತು. ಮರು ಕಲಮಿನಲ್ಲೇ ಅದರ ಒಂದು ಪಾಲನ್ನು ಹಿಂದಕ್ಕೆ ಪಡೆಯಿತು. ಹಿಂದೂ ಹೆಂಗಸಿನ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ ಹೋಗುತ್ತದೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತವರ ಸರದಿ ಅದಾದ ಮೇಲೆ. ಗಂಡಸಿನ ವಿಷಯದಲ್ಲಿ ಇದಕ್ಕೆ ಸಮನಾದ ನಿಯಮವಿಲ್ಲ. ಅವನ ತಾಯಿ ಹೆಂಡತಿ ಮಕ್ಕಳ ಸಾಲಿನಲ್ಲೇ ನಿಲ್ಲುತ್ತಾಳೆ. ಅವನ ಕಡೆಯ ದೂರದ ನೆಂಟರೂ ಉಳಿಯದಿದ್ದರೆ ಆಸ್ತಿ ಸರ್ಕಾರಕ್ಕೆ ಸೇರುತ್ತದೆಯೇ ಹೊರತು ಹೆಂಡತಿಯ ತವರಿಗಲ್ಲ.

ಇದು ಶಾಸ್ತ್ರದಿಂದ ಬಂದ ಕ್ರಮ ಎಂಬ ಸಮರ್ಥನೆ ಅರ್ಧ ಸತ್ಯ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರದಲ್ಲಿ, ವಿಭಾಗವಾದ ಗಂಡ ಗಂಡುಸಂತಾನವಿಲ್ಲದೆ ಸತ್ತರೆ ಅವನ ಸಮಸ್ತ ಧನವೂ ಪತ್ನಿಗೆ ಎಂದ. ವಾರಸಾಗಿ, ಕ್ರಯದಿಂದ, ವಿಭಾಗದಲ್ಲಿ ಬಂದುದೆಲ್ಲವನ್ನೂ ಸ್ತ್ರೀಧನಕ್ಕೆ ಸೇರಿಸಿದ. ಈ ಔದಾರ್ಯವನ್ನು ಕುಗ್ಗಿಸಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್. ಗಂಡನಿಂದ ವಿಧವೆಗೆ ಬಂದ ಆಸ್ತಿಯಲ್ಲಿ ಅವಳದು ಸೀಮಿತ ಹಕ್ಕು, ಅವಳ ನಂತರ ಅದು ಗಂಡನ ಕಡೆಯವರಿಗೇ ಎಂದು ಅದು 1867ರಲ್ಲಿ ತೀರ್ಮಾನಿಸಿತು. ಬ್ರಿಟಿಷ್ ಇಂಡಿಯಾದ 1937ರ ಕಾಯಿದೆ ಕೂಡ ವಿಧವೆಗೆ ಆ ಸೀಮಿತ ಹಕ್ಕನ್ನೇ ಕೊಟ್ಟಿತು. ಅದಕ್ಕೂ ನಾಲ್ಕು ವರ್ಷ ಮೊದಲೇ ಮೈಸೂರು ಸಂಸ್ಥಾನ 1933ರ ಶಾಸನದ ಮೂಲಕ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಂಗಸರಿಗೆ ಪಾಲು ಕೊಟ್ಟು, ಸ್ತ್ರೀಧನದ ವ್ಯಾಪ್ತಿಯನ್ನೂ ಹಿಗ್ಗಿಸಿತ್ತು ಎಂಬುದನ್ನು ಇಲ್ಲಿ ನೆನೆಯಲೇಬೇಕು. 14ನೆಯ ಕಲಮಿನ ವಿವರಣೆಯಲ್ಲಿರುವ ಪಟ್ಟಿ ಬಹುಮಟ್ಟಿಗೆ ವಿಜ್ಞಾನೇಶ್ವರನ ಪಟ್ಟಿಯೇ. ಆದರೆ ಸ್ತ್ರೀಧನ ಮುಂದೆ ಯಾರಿಗೆ ಎಂಬಲ್ಲಿ ಶಾಸನಕಾರರು ಅವನಿಂದ ಒಂದೇ ಎಳೆಯನ್ನು ಆಯ್ದುಕೊಂಡರು. ಮಿತಾಕ್ಷರದಲ್ಲಿ ಮೊದಲ ಹಕ್ಕು ಹೆಣ್ಣುಮಕ್ಕಳದು. ಸಂತಾನವಿಲ್ಲದಿದ್ದರೆ ಬ್ರಾಹ್ಮ ಮುಂತಾದ ವಿವಾಹಗಳಲ್ಲಿ ಗಂಡನ ಕಡೆಗೆ, ಆಸುರ ಮುಂತಾದವುಗಳಲ್ಲಿ ತಾಯಿತಂದೆಗೆ. ಕನ್ಯಾಶುಲ್ಕ ಒಡಹುಟ್ಟಿದ ಸೋದರರಿಗೆ. ತವರಿನ ದಾರಿ ಶಾಸ್ತ್ರದಲ್ಲೇ ತೆರೆದಿತ್ತು.

ಆ ದಾರಿ ಮುಚ್ಚಿದ್ದರ ಫಲವನ್ನು ಸುಪ್ರೀಂ ಕೋರ್ಟಿನ 2009ರ ಓಂಪ್ರಕಾಶ್–ರಾಧಾಚರಣ್ ತೀರ್ಪು ತೋರಿಸುತ್ತದೆ. ಮದುವೆಯಾದ ಮೂರೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡು, ಅತ್ತೆಮನೆಯಿಂದ ಹೊರಹಾಕಿಸಿಕೊಂಡ ಹೆಂಗಸು ತವರಿನವರ ಆಸರೆಯಲ್ಲಿ ಓದಿ ನೌಕರಿ ಹಿಡಿದಳು. 1996ರಲ್ಲಿ ಉಯಿಲಿಲ್ಲದೆ ತೀರಿಕೊಂಡಳು. ಅವಳು ದುಡಿದು ಕೂಡಿಟ್ಟದ್ದು ಹೆತ್ತ ತಾಯಿಗೆ ಸಿಗದೆ ಗಂಡನ ಸೋದರಿಯ ಮಕ್ಕಳ ಪಾಲಾಯಿತು. ಕಾಯಿದೆಯ ಮಾತು ಸ್ಪಷ್ಟವಿರುವಾಗ ಸಹಾನುಭೂತಿ ಆಧಾರವಾಗದು ಎಂದು ನ್ಯಾಯಾಲಯ ಹೇಳಿದ್ದನ್ನು ತಪ್ಪೆನ್ನಲಾಗದು, ತಪ್ಪು ಶಾಸನದ್ದು. ಇದೇ ಕಲಮಿನ ಎರಡನೆಯ ಉಪಕಲಮು ಮಕ್ಕಳಿಲ್ಲದವಳ ಆಸ್ತಿಯನ್ನು ಮೂಲಕ್ಕೇ ಮರಳಿಸುತ್ತದಲ್ಲ ಎಂದು ಕೇಳಬಹುದು. ಮರಳುವುದು ಹೆತ್ತವರಿಂದಲೋ ಗಂಡ, ಮಾವಂದಿರಿಂದಲೋ ವಾರಸಾಗಿ ಬಂದದ್ದು ಮಾತ್ರ. ಸ್ವಂತ ದುಡಿಮೆಯ ಮೂಲ ಅವಳೇ ಆದದ್ದರಿಂದ ಅದಕ್ಕೆ ಈ ರಕ್ಷಣೆ ಇಲ್ಲ. ಉಯಿಲು ಬರೆದಿಡಲಿ ಎನ್ನುವವರು, ಉಯಿಲಿಲ್ಲದ ಉತ್ತರಾಧಿಕಾರದ ನಿಯಮ ಇರುವುದೇ ಬರೆಯದವರಿಗಾಗಿ ಎಂಬುದನ್ನು ಮರೆಯುತ್ತಾರೆ. ಮೃತರ ಮನಸ್ಸಿಗೆ ಹತ್ತಿರವಾದುದನ್ನು ಊಹಿಸುವುದು ಅಂಥ ನಿಯಮದ ಕೆಲಸ. ಹೊರಹಾಕಿದ ಮನೆಯವರಿಗೇ ತನ್ನ ದುಡಿಮೆ ಸೇರಲಿ ಎಂದು ಅವಳು ಬಯಸಿದ್ದಳೆಂದು ಊಹಿಸುವುದು ಹೇಗೆ?

2005ರ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಸಹದಾಯಾದಿ ಮಾಡಿದರೂ ಈ ಕಲಮನ್ನು ಮುಟ್ಟಲಿಲ್ಲ. ಕಾನೂನು ಆಯೋಗದ 2008ರ 207ನೆಯ ವರದಿ, ಸ್ವಯಾರ್ಜಿತ ಆಸ್ತಿಯಲ್ಲಿ ಗಂಡನ ವಾರಸುದಾರರ ಜೊತೆಗೇ ತವರಿನವರಿಗೂ ಪಾಲಿರಲಿ ಎಂದಿತು. ನನ್ನ ದೃಷ್ಟಿಯಲ್ಲಿ ಅದೂ ಸಾಲದು. ದಾಂಪತ್ಯದಿಂದ ಹುಟ್ಟುವ ಹಕ್ಕು ಗಂಡನದು, ಅವನು ಈಗಾಗಲೇ ಮೊದಲ ಸಾಲಿನಲ್ಲಿದ್ದಾನೆ. ಅವನಿಲ್ಲದಾಗ ಅವನ ಸೋದರಳಿಯಂದಿರು ಆ ಹಕ್ಕನ್ನು ಮುಂದುವರಿಸಲು ಕಾರಣವಿಲ್ಲ. ತಾಯಿತಂದೆಯರನ್ನು ಮೂರನೆಯ ಸ್ಥಾನದಿಂದ ಎರಡನೆಯದಕ್ಕೆ ತಂದರೆ, ಮಕ್ಕಳ ಅಥವಾ ಗಂಡನ ಪಾಲಿಗೆ ಕಿಂಚಿತ್ತೂ ಧಕ್ಕೆಯಾಗುವುದಿಲ್ಲ.