ಲಕ್ಷ ವರ್ಷದ ಇಲಿ ಹಲ್ಲು: ‘ಕಾರ್ಬನ್ ಡೇಟಿಂಗ್‌ನಿಂದ ಸಾಬೀತು’ ಎನ್ನುವುದು ನಿಜವೇ?

‘ಗುಹೆಯಲ್ಲಿ ಲಕ್ಷಾಂತರ ವರ್ಷ ಹಳೆಯ ಮೂಳೆ ಪತ್ತೆ, ಕಾರ್ಬನ್ ಡೇಟಿಂಗ್‌ನಿಂದ ಸಾಬೀತು’ – ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ ಫಾರ್ವರ್ಡ್ ಒತ್ತುವ ಮೊದಲು ಸ್ವಲ್ಪ ತಡೆಯಿರಿ. ಮೂಳೆ ಅಷ್ಟು ಹಳೆಯದಿರಬಹುದು. ಆದರೆ ಅದನ್ನು ಕಾರ್ಬನ್ ಡೇಟಿಂಗ್ ಹೇಳಲಾರದು. ಜೀವಿ ಸತ್ತ ಮೇಲೆ ಅದರಲ್ಲಿರುವ ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ ಎನ್ನಬಹುದು.

ಹಾಗಾದರೆ ವಯಸ್ಸು ತಿಳಿಯುವುದು ಹೇಗೆ? ದಾವಣಗೆರೆಯ ಕೆ.ಬಿ. ಬಡಾವಣೆಯ ಸುತ್ತ ಇದಕ್ಕೆ ಉದಾಹರಣೆ ಹುಡುಕಿ ಪ್ರಯೋಜನವಿಲ್ಲ. ಇಲ್ಲಿನ ಬಂಡೆಗಳು ಭೂಮಿಯ ಮೇಲೆ ಪ್ರಾಣಿಗಳೇ ಇಲ್ಲದ ಕಾಲದವು. ಬಳ್ಳಾರಿ ದಾಟಿ ಪೂರ್ವಕ್ಕೆ ಹೋಗಬೇಕು. ಆಂಧ್ರದ ಬೇತಂಚೆರ್ಲ ಬಳಿ, ಸುಣ್ಣದಕಲ್ಲಿನಲ್ಲಿ ಬಿಲ್ಲಸುರ್ಗಂ ಗವಿಗಳಿವೆ. ನಮ್ಮ ಅಡುಗೆಮನೆಗಳ ಕಡಪ ಕಲ್ಲು ಬರುವುದೂ ಅದೇ ಸೀಮೆಯಿಂದ. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ ಹೆನ್ರಿ ಇಲ್ಲಿ ಅಗೆತ ಶುರು ಮಾಡಿದರು. ಬಳ್ಳಾರಿಯ ಬೂದಿದಿಬ್ಬಗಳನ್ನು ಅಧ್ಯಯನ ಮಾಡಿದ, ಮುಂದೆ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಕಟ್ಟಿದ ಫೂಟ್ ಇವರೇ. ಸಿಕ್ಕ ಮೂಳೆಗಳನ್ನು ರಿಚರ್ಡ್ ಲಿಡೆಕ್ಕರ್ 1886ರಲ್ಲಿ ವಿವರಿಸಿದರು.

ಗವಿಯೊಳಗೆ ಇಷ್ಟೊಂದು ಇಲಿ ಮೂಳೆ ಎಲ್ಲಿಂದ ಬರುತ್ತದೆ? ಬಹುಪಾಲು ಗೂಬೆಗಳ ಕೆಲಸ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ, ಕೂದಲನ್ನು ಉಂಡೆ ಕಟ್ಟಿ ಕಕ್ಕುತ್ತದೆ. ಸಾವಿರಾರು ವರ್ಷ ಹೀಗೆ ನಡೆದರೆ ಗವಿಯ ಮಣ್ಣೇ ಒಂದು ದಾಖಲೆ. ಆ ಮಣ್ಣನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಹಾಕಿ ತೊಳೆದು, ಉಳಿದ ಪುಡಿಯಲ್ಲಿ ಹಲ್ಲು ಆರಿಸುತ್ತಾರೆ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ.

ಹಲ್ಲೇ ಯಾಕೆ? ಅದರ ಹೊರಪದರ ದೇಹದಲ್ಲೇ ಅತಿ ಗಟ್ಟಿ, ಆಕಾರದಿಂದ ಜಾತಿಯೂ ಗೊತ್ತಾಗುತ್ತದೆ. ಇಲಿ, ಹೆಗ್ಗಣಗಳ ಮುಂಬಾಚಿ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗವಿರುತ್ತದೆ. ಸೊಂಡಿಲಿಗೆ ಹಾಗಿಲ್ಲ, ಸಾಲಾಗಿ ಚೂಪು ಹಲ್ಲು. ಅದು ಇಲಿಯ ಕುಲವೇ ಅಲ್ಲ. ದವಡೆ ಹಲ್ಲಿನ ಉಬ್ಬುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಉದ್ದ ಅಗಲ ಮಿಲಿಮೀಟರಿನಲ್ಲಿ ಅಳೆದು, ಸಂಗ್ರಹಾಲಯದ ಇಂದಿನ ಇಲಿಗಳ ಜೊತೆ ಹೋಲಿಸುತ್ತಾರೆ. ಒಂದೇ ಹಲ್ಲು ನೋಡಿ ‘ಹೊಸ ಪ್ರಾಣಿ’ ಎಂದು ಘೋಷಿಸುವವರನ್ನು ನಾವಂತೂ ಅನುಮಾನದಿಂದಲೇ ನೋಡುತ್ತೇವೆ.

ವಯಸ್ಸು ಬಹುಮಟ್ಟಿಗೆ ಹಲ್ಲಿನದಲ್ಲ, ಅದು ಸಿಕ್ಕ ಪದರದ್ದು. ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡು ಎಷ್ಟು ಕಾಲವಾಯಿತು ಎಂದು ಅಳೆಯುವ ವಿಧಾನವೊಂದಿದೆ. ಅದಕ್ಕಾಗಿ ಬೆಳಕು ತಾಗದಂತೆ ಕೊಳವೆ ಬಡಿದು ಮಣ್ಣು ತೆಗೆಯುತ್ತಾರೆ. ನೀರು ತೊಟ್ಟಿಕ್ಕಿ ಬೆಳೆದ ಸುಣ್ಣದ ಪದರವಿದ್ದರೆ ಯುರೇನಿಯಂ–ಥೋರಿಯಂ ಲೆಕ್ಕ ಸುಮಾರು 5 ಲಕ್ಷ ವರ್ಷದವರೆಗೆ ನಡೆಯುತ್ತದೆ. ಬೆಂಕಿಯಲ್ಲಿ ಬೆಂದ ಮಣ್ಣಿಗೆ ಇನ್ನೊಂದು ದಾರಿ: ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ (ಹೆಸರಿನ ‘ಚಿಂತಮಾನು’ ಎಂದರೆ ಹುಣಸೆಮರ) ಸಿಕ್ಕ ಒಲೆಗೆ ಸುಮಾರು 17 ಸಾವಿರ ವರ್ಷ ಎಂದು ತಿಳಿದದ್ದು ಹಾಗೆ.

ತೊಡಕೂ ಇದೆ. ಇಲಿ ಬಿಲ ತೋಡುವ ಪ್ರಾಣಿ. ಇತ್ತೀಚಿನ ಇಲಿ ಹಳೆಯ ಪದರದೊಳಗೆ ಹೋಗಿ ಸತ್ತರೆ ಅದಕ್ಕೂ ಲಕ್ಷ ವರ್ಷ ಎಂದು ಲೆಕ್ಕ ಬೀಳಬಹುದು. ಆದ್ದರಿಂದ ಬಿಲದ ಗುರುತು, ಮೂಳೆಯ ಬಣ್ಣ, ಸವೆತ ಎಲ್ಲವನ್ನೂ ಅಗೆಯುವಾಗಲೇ ಬರೆದಿಡಬೇಕು.

ಇಷ್ಟು ಕಷ್ಟಪಟ್ಟು ಸಿಕ್ಕಿದ್ದೇನು? ಬಿಲ್ಲಸುರ್ಗಂನಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಬಗೆಯವು ಕನಿಷ್ಠ 1 ಲಕ್ಷ ವರ್ಷದಿಂದ ಇಂದಿನವರೆಗೂ ಭಾರತದಲ್ಲಿ ಉಳಿದಿವೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದೊಡ್ಡ ಪ್ರಾಣಿಗಳು ಸಾಲುಸಾಲಾಗಿ ಅಳಿದ ಕಾಲವದು. ಇಂಥ ತೀರ್ಮಾನಕ್ಕೆ ಆಧಾರ ಪದರಗಳ ಕ್ರಮವೊಂದೇ. ನಿಧಿಯ ಆಸೆಗೆ ಯಾರೋ ಒಂದು ರಾತ್ರಿ ಗವಿ ಅಗೆದರೆ ಹಲ್ಲು ಅಲ್ಲೇ ಬಿದ್ದಿರುತ್ತದೆ, ಯಾವ ಪದರದ್ದೆಂದು ಮಾತ್ರ ಮತ್ತೆ ಯಾವ ಪ್ರಯೋಗಾಲಯವೂ ಹೇಳಲಾರದು.