ಐದು ಸಲ ಸೋತವರೇ ಚಾಂಪಿಯನ್! | ಮೈದಾನದ ಕಥೆಗಳು, ಭಾಗ 4

1/
ಕಳೆದ ಮಳೆಗಾಲದ ಫುಟ್‌ಬಾಲ್ ಟೂರ್ನಮೆಂಟ್ ನೆನಪುಂಟಾ? ಬೆಳಿಗ್ಗೆ 7ಕ್ಕೆ ಶಿರ್ವದಲ್ಲಿ ಬಸ್ ಹತ್ತಿದ್ದು, ಮೊದಲ ಮ್ಯಾಚಲ್ಲೇ ಒಂದು ಗೋಲಿಂದ ಸೋತದ್ದು, ಮಧ್ಯಾಹ್ನದ ಊಟಕ್ಕೆ ವಾಪಸ್ ಮನೆ. ಎರಡು ತಿಂಗಳ ಪ್ರಾಕ್ಟೀಸ್ ನಲವತ್ತು ನಿಮಿಷದಲ್ಲಿ ಮುಗೀತು. ಬಸ್ಸಲ್ಲಿ ನಮ್ಮ ಗೋಲ್‌ಕೀಪರ್ ಒಂದು ಮಾತೂ ಆಡಲಿಲ್ಲ. ಈ ಭಾಗ ಅವನಿಗೆ.

2/
ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು, 1938ರಲ್ಲಿ ಮತ್ತೊಮ್ಮೆ. ಮೈಸೂರು ರಾಜ್ಯ ತಂಡ 1968-69ರ ಹೊತ್ತಿಗೆ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಾಗಿತ್ತು. ಹಲಸೂರಿನ ಗೌತಮಪುರಕ್ಕೆ ಹೋದರೆ ಇವತ್ತೂ ಪೆಲೆ ಪ್ರತಿಮೆ ಕಾಣಸಿಗುತ್ತದೆ.

ಆದರೆ ಇವೆಲ್ಲ ಕಪ್‌ಗಳು. ವರ್ಷಪೂರ್ತಿ ನಡೆಯುವ ರಾಷ್ಟ್ರೀಯ ಲೀಗಿನಲ್ಲಿ ನಮ್ಮವರದ್ದು ಖಾಲಿ ಪುಟ. ಎಚ್‌ಎಎಲ್ ತಂಡವೂ 2011-12ರಲ್ಲಿ ಐ-ಲೀಗಿನಿಂದ ಕೆಳಗಿನ ದರ್ಜೆಗೆ ಇಳಿಯಿತು. ಮುಂದಿನ ವರ್ಷ ದೇಶದ ದೊಡ್ಡ ಲೀಗಲ್ಲಿ ಕರ್ನಾಟಕದ ತಂಡವೇ ಇರಲಿಲ್ಲ.

3/
2013ರ ಜುಲೈಯಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ನಿಜ ಹೇಳಬೇಕಲ್ಲ, ಇದು ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದ ತಂಡ ಅಲ್ಲ. ಹಿಂದೆ ಜೆಎಸ್‌ಡಬ್ಲ್ಯೂ ಕಂಪನಿಯ ದುಡ್ಡಿತ್ತು, ಲೀಗಿಗೆ ನೇರ ಪ್ರವೇಶ ಸಿಕ್ಕಿತು. ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್, ಕ್ಯಾಪ್ಟನ್ ಸುನಿಲ್ ಛೇತ್ರಿ.

ಸೆಪ್ಟೆಂಬರ್ 22ರಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೊದಲ ಮ್ಯಾಚ್. ಎದುರಾಳಿ ಯಾರು ಗೊತ್ತಾ? 1889ರಲ್ಲಿ ಶುರುವಾದ ಮೋಹನ್ ಬಾಗಾನ್! ಎರಡು ತಿಂಗಳ ಕೂಸಿನ ಎದುರು ನೂರಿಪ್ಪತ್ತು ದಾಟಿದ ಅಜ್ಜ. ಫಲಿತಾಂಶ 1-1.

4/
ಈಗ ಲೆಕ್ಕ ನೋಡಿ ಮಾರಾಯ್ರೇ. 13 ತಂಡ. ಪ್ರತಿಯೊಬ್ಬರ ಜೊತೆ ಎರಡು ಸಲ, ಒಮ್ಮೆ ನಮ್ಮ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಒಟ್ಟು 24 ಮ್ಯಾಚ್. ಬೆಂಗಳೂರು ಗೆದ್ದದ್ದು 14, ಡ್ರಾ 5, ಸೋತದ್ದು 5. ಗೆದ್ದರೆ 3 ಅಂಕ, ಡ್ರಾ ಆದರೆ 1. ಒಟ್ಟು 47.

2014ರ ಏಪ್ರಿಲ್ 21ರಂದು ಗೋವಾದ ಫತೋರ್ಡಾದಲ್ಲಿ, ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಡೆಂಪೊ ತಂಡವನ್ನು ಅವರದ್ದೇ ನೆಲದಲ್ಲಿ 4-2ರಿಂದ ಸೋಲಿಸಿ ಪ್ರಶಸ್ತಿ ಖಾತ್ರಿ ಮಾಡಿಕೊಂಡರು. ಮೊದಲ ಸೀಸನ್ನಿನಲ್ಲೇ!

5/
ಇನ್ನೊಂದು ಬದಿ ಇದಕ್ಕಿಂತ ವಿಚಿತ್ರ. ಅದೇ ಸೀಸನ್ನಿನಲ್ಲಿ ಚರ್ಚಿಲ್ ಬ್ರದರ್ಸ್ ಫೆಡರೇಶನ್ ಕಪ್ ಗೆದ್ದಿತು. ಕೋಲ್ಕತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಡ್ಯುರಾಂಡ್ ಕಪ್ ಗೆದ್ದಿತು, ಐಎಫ್‌ಎ ಶೀಲ್ಡ್ ಕೂಡ. ಲೀಗಿನ ಕೊನೆಯಲ್ಲಿ ತಳದ ಎರಡು ಸ್ಥಾನ ಯಾರದ್ದು? ಇವೇ ಎರಡು ತಂಡಗಳದ್ದು! ಚರ್ಚಿಲ್ ಅಂತೂ ಹಿಂದಿನ ವರ್ಷದ ಲೀಗ್ ಚಾಂಪಿಯನ್.

ಬೆಂಗಳೂರಿನವರು ಫೆಡರೇಶನ್ ಕಪ್ಪಿನಲ್ಲಿ ಗುಂಪಿನ ಹಂತದಲ್ಲೇ ಹೊರಬಿದ್ದಿದ್ದರು. ಬರೀ ಕಪ್ ನೋಡಿದರೆ "ಹೊಸ ತಂಡ, ಇಷ್ಟೇ" ಅಂತ ಅನ್ನಬಹುದಿತ್ತು. ಲೀಗ್ ಬೇರೆಯೇ ಉತ್ತರ ಕೊಟ್ಟಿತು.

6/
ಕಪ್ ಒಂದು ದಿನವನ್ನು ಅಳೆಯುತ್ತದೆ, ಲೀಗ್ ಏಳೆಂಟು ತಿಂಗಳನ್ನು. ಲೀಗಲ್ಲಿ ಸೋತವನಿಗೆ ಮುಂದಿನ ವಾರ ಉಂಟು. ತಪ್ಪು ಎಲ್ಲಿ ಅಂತ ನೋಡಿ, ತಿದ್ದಿ, ಮತ್ತೆ ಆಡಬಹುದು.

ನಮ್ಮ ಕಡೆ ವಾಲಿಬಾಲ್ ಇರಲಿ, ಅಂಡರ್‌ಆರ್ಮ್ ಕ್ರಿಕೆಟ್ ಇರಲಿ, ಹೆಚ್ಚಿನದ್ದು ಒಂದು ಹಗಲು ಇಲ್ಲ ಒಂದು ರಾತ್ರಿಯ ಆಟ. ಫ್ಲಡ್‌ಲೈಟು, ಮೈಕು, ದೊಡ್ಡ ಟ್ರೋಫಿ, ಎಲ್ಲ ಉಂಟು. ಮಜಾನೂ ಉಂಟು. ಆದರೆ ಮೊದಲ ಮ್ಯಾಚಲ್ಲಿ ಸೋತ ಹುಡುಗ ಕಲಿಯುವುದು ಯಾವಾಗ?

7/
ಅದಕ್ಕೆ ಒಂದು ಪ್ಲಾನ್. ಮಳೆ ಬಿಟ್ಟ ಮೇಲೆ ಭಾನುವಾರಗಳಲ್ಲಿ ಶಿರ್ವ, ಬಂಟಕಲ್ಲು, ಬೆಳ್ಮಣ್, ಕಟಪಾಡಿ: ನಾಲ್ಕೇ ತಂಡ ಸಾಕು. ಪ್ರತಿಯೊಬ್ಬರ ಜೊತೆ ಎರಡು ಸಲ ಆಡಿದರೆ ಒಂದು ತಂಡಕ್ಕೆ 6 ಮ್ಯಾಚ್, ಒಟ್ಟು 12. ಟ್ರೋಫಿ ಸಣ್ಣದಾದರೂ ಅಡ್ಡಿಯಿಲ್ಲ, ಅಂಕಪಟ್ಟಿ ನಾನು ಬರೆಯುತ್ತೇನೆ.

ಬರುವವರು ಕಮೆಂಟಲ್ಲಿ ಊರಿನ ಹೆಸರು ಹಾಕಿ. ಗೋಲ್‌ಕೀಪರನ್ನು ಟ್ಯಾಗ್ ಮಾಡಿದ್ದೇನೆ. ಏನ್ ಮಾರಾಯಾ, ಇನ್ನೂ ಐದು ಮ್ಯಾಚ್ ಸೋಲಬಹುದು, ಬರ್ತೀಯಲ್ಲ?

#ಮೈದಾನದಕಥೆಗಳು #ಶಿರ್ವ #ಕರ್ನಾಟಕಫುಟ್‌ಬಾಲ್